ಒಂದೇ ಕೈಯ ರೊಟ್ಟಿ

೨೦೨೪ರ ಮೇ ೭, ಸಂಜೆ ಆರೂವರೆ. ಸಿಂದಗಿಯ ಆ ಓಣಿಯ ೬೪೨ ಮತದಾರರಲ್ಲಿ ಒಬ್ಬರು ಮಾತ್ರ ಮತ ಹಾಕಿದ್ದರು. ಗಟಾರ ಆಗುವವರೆಗೆ ಯಾರೂ ಮತ ಹಾಕಬಾರದೆಂದು ಓಣಿಯ ಹಿರಿಯ ಚಂದಪ್ಪ ಎಲ್ಲರಿಂದ ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದ. ಆಣೆ ಮುರಿದ ಮನೆಗೆ ತನ್ನ ಬೋರ್‌ವೆಲ್ಲಿನ ನೀರು ಬಂದ್ ಎಂದೂ ಸಾರಿದ್ದ.

ಬಹಿಷ್ಕಾರದ ಊಟಕ್ಕೆಂದು ಅವನ ಅಂಗಳದಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ದಾನೇಶ್ವರಿಯ ಎಡಗೈ ಮಾತ್ರ ಸೆರಗಿನೊಳಗಿತ್ತು.

“ಯಾಕವಾ, ಇನ್ನೊಂದು ಕೈ ಮನ್ಯಾಗ ಬಿಟ್ಟು ಬಂದೀಯೇನು?” ಯಾರೋ ನಕ್ಕರು.

ಪಕ್ಕದ ಮುದುಕಿ ದುರ್ಗವ್ವ ಸೆರಗು ಸರಿಸಿದಳು. ತೋರುಬೆರಳಿನ ಮೇಲೆ ಶಾಯಿಯ ಗೆರೆ. ಮುದುಕಿ ಆ ಕೈಯನ್ನು ಗೋಡೆಗಾನಿಸಿದ್ದ ಆರಿದ ಹಂಚಿನ ಮಸಿಗೆ ಒತ್ತಿದಳು. ಐದೂ ಬೆರಳು ಕಪ್ಪಾದವು.

“ಕೈಗೆ ಮಸಿ ಹತ್ತೈತಿ, ಹಿಟ್ಟು ಕೆಡ್ತೈತಂತ ಒಂದ ಕೈಲೆ ಬಡಿಯಾಕತ್ತಾಳ,” ಎಂದಳು ಗಟ್ಟಿಯಾಗಿ.

ಹೊಸ್ತಿಲಲ್ಲಿ ನಿಂತಿದ್ದ ಚಂದಪ್ಪ ಒಳಗೆ ಹೋಗಿ ತಂಬಿಗೆ ತಂದ; ದಾನೇಶ್ವರಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಕೈ ಚಾಚು, ತಂಗಿ. ತೊಳ್ಕೊ. ಇವತ್ತಿನ ಮಟ್ಟಿಗಂತೂ ನೀರು ಐತಿ.”

ರೊಟ್ಟಿಯ ಬಡಿತಗಳು ಒಂದೊಂದಾಗಿ ನಿಂತವು. ಅವನು ನಿಧಾನವಾಗಿ ನೀರು ಹೊಯ್ದ. ನಾಲ್ಕು ಬೆರಳು ಶುದ್ಧವಾದವು. ಒಂದು ಬಾಕಿ ಉಳಿಯಿತು.