ಬದಲಾಯಿಸದ ಗೇರ್ ಆಯಿಲ್

ಗಂಡ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಆಕೆ ಪಕ್ಕದ ಮನೆಯವಳ ಕೈಲಿ ಕಾರನ್ನು ಗ್ಯಾರೇಜಿಗೆ ತರಿಸಿ, ತಾವೂ ಜೊತೆಗೆ ಬಂದರು. ಮೆಕ್ಯಾನಿಕ್ ಸ್ಟೂಲು ಒರೆಸಿ ಅವರನ್ನು ಕೂರಿಸಿದ.

“ಆಟೋಮ್ಯಾಟಿಕ್ ಗೇರಿನ ಆಯಿಲ್ ಜೀವಮಾನಪೂರ್ತಿ ಬರುತ್ತೆ, ಬದಲಾಯಿಸಬೇಡಿ ಅಂತ ಕಂಪನಿಯವರು ಬರೆದಿದ್ದಾರಲ್ಲಪ್ಪ?”

“ಅವರು ಗಾಡಿ ಮಾರೋರು ಅಮ್ಮ, ಓಡಿಸೋರಲ್ಲ. ಮೊದಲಿಂದಲೂ ಬದಲಾಯಿಸ್ತಾ ಬಂದಿದ್ರೆ ಚೆನ್ನಾಗಿತ್ತು. ಇಷ್ಟು ಹಳೇದಾದ ಮೇಲೆ ಹೊಸ ಆಯಿಲ್ ಹಾಕಿದ್ರೆ ಗೇರ್ ಹಿಡಿಯದೇ ಹೋಗಬಹುದು. ಆಮೇಲೆ ರಿಪೇರಿನೂ ಆಗಲ್ಲ. ಯಜಮಾನ್ರಿಗೆ ಈ ಕಾರಂದ್ರೆ ಪ್ರಾಣ. ನನಗೆ ಕೆಲಸ ಸಿಗದಿದ್ರೂ ಪರವಾಗಿಲ್ಲ, ಮುಟ್ಟೋದು ಬೇಡ.”

ಅವನ ಒಳ್ಳೆಯತನಕ್ಕೆ ಆಕೆಯ ಕಣ್ಣು ತುಂಬಿತು.

“ಬದಲಾಯಿಸಿದ್ರೆ ಕಾರು ನಿಂತೇಹೋಗುತ್ತಾ?”

“ಬಹುಶಃ ನಿಂತೇಹೋಗುತ್ತೆ ಅಮ್ಮ.”

“ಹಾಗಾದ್ರೆ ಬದಲಾಯಿಸಿಬಿಡಪ್ಪ. ನಿನ್ನೆ ಸ್ಕೂಲು ಬಿಡೋ ಹೊತ್ತಲ್ಲಿ, ಬ್ರೇಕ್ ಯಾವುದು ಅನ್ನೋದೇ ನಮ್ಮನೆಯವರಿಗೆ ಮರೆತುಹೋಗಿತ್ತು.”