ಮೂವತ್ತಾರು ಗಂಟೆ ಕೇಳಿದವಳು

“ನಿಮ್ಮ ಮಗಳಿಗೆ ಕಲಿಯುವ ಆಸೆಯೇ ಇಲ್ಲ,” ಎಂದರು ಉಪನ್ಯಾಸಕ ಸುಧಾಕರ, ಗೋಡೆಯ ಪರದೆಯಲ್ಲಿ ನವ್ಯಶ್ರೀಯ ಹೆಸರಿನ ಮುಂದಿದ್ದ ಸೊನ್ನೆಯನ್ನು ತೋರಿಸಿ.

ಪೋಷಕರ ಸಭೆಗೆಂದು ಮೀನಿನ ಬುಟ್ಟಿಯನ್ನು ತಂಗಿಗೆ ಒಪ್ಪಿಸಿ ಕಿರಿಮಂಜೇಶ್ವರದಿಂದ ಬೈಂದೂರಿನ ಕಾಲೇಜಿಗೆ ಬಂದಿದ್ದ ಗುಲಾಬಿ, ಪಕ್ಕದಲ್ಲಿ ಕುಳಿತ ಮಗಳ ಮುಖ ನೋಡಿದಳು.

ಆನ್‌ಲೈನ್ ಪಾಠ ಕೇಳುವವರ ಪ್ರೇರಣೆಯ ಬಗ್ಗೆಯೇ ಸುಧಾಕರ ಪಿಎಚ್.ಡಿ. ಮಾಡುತ್ತಿದ್ದರು. “ಮನಃಶಾಸ್ತ್ರದಲ್ಲಿ ಪ್ರೇರಣೆ ಎರಡು ಬಗೆ,” ಎಂದು ಸಭೆಗೆ ವಿವರಿಸಿದರು. “ಕೆಲವರು ಕಲಿಯುವ ಖುಷಿಗೆ ಕಲಿಯುತ್ತಾರೆ, ಅದು ಒಳಗಿನದು. ಕೆಲವರು ಅಂಕಕ್ಕಾಗಿ, ಅದು ಹೊರಗಿನದು. ಸೊನ್ನೆ ಬಂದಿರುವ, ಮೀನುಗಾರರ ಮನೆಯ ಈ ನಾಲ್ವರು ಹುಡುಗಿಯರಲ್ಲಿ ಎರಡೂ ಇಲ್ಲ. ಇಡೀ ತಿಂಗಳಲ್ಲಿ ಪಾಠದ ವಿಡಿಯೊ ಒಮ್ಮೆಯೂ ತೆರೆದಿಲ್ಲ. ಇವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಅದೇ ಊರಿನ ಸುಪ್ರೀತಾಳನ್ನು ನೋಡಿ, ಮೂವತ್ತಾರು ಗಂಟೆ ಕೇಳಿದ್ದಾಳೆ.”

ಗುಲಾಬಿ ಮಗಳ ರಟ್ಟೆ ಹಿಡಿದಳು. “ದಿನಾ ಸಂಜಿಗೆ ಪಾಠ ಕೇಂಬುಕೆ ಅಂದೇಳಿ ಸುಪ್ರೀತಾನ ಮನಿಗೆ ಹೋತೆ ಅಲ್ದಾ? ಅಲ್ ಹೋಯಿ ಎಂತ ಮಾಡ್ತೆ ಹೆಣೆ?”

ನವ್ಯಶ್ರೀ ಒಮ್ಮೆ ಹಿಂದಿರುಗಿ ಸುಪ್ರೀತಾಳನ್ನು ನೋಡಿ ತಲೆ ತಗ್ಗಿಸಿದಳು. ಅವಳ ಕಣ್ಣು ತುಂಬಿತ್ತು.

ಹಿಂದಿನ ಬೆಂಚಿನಿಂದ ಸುಪ್ರೀತಾ ಎದ್ದು ನಿಂತಳು. “ಪಾಠವೇ ಕೇಂತ್ರ್ ಗುಲಾಬಕ್ಕ. ಐದ್ ಜನಕ್ಕೆ ಫೋನ್ ಇಪ್ದ್ ನಂದೊಂದೇ. ನಾನ್ ಅರ್ಧ ಹೊತ್ತ್ ಒಳಗ್ ಅಡ್ಗಿ ಮಾಡ್ತಿರ್ತೆ. ಇವ್ಳೇ ಕೇಂಡ್ ಬರ್ದ್, ಮತ್ತೆ ನಂಗೂ ಹೇಳಿಕೊಡುದ್. ಹೇಳ್ರೆ ಪರೀಕ್ಷಿ ಪಟ್ಟಿಯಿಂದ ನನ್ ಹೆಸ್ರೂ ತೆಗಿತ್ರ್ ಅಂದೇಳಿ ಇವ್ಳ್ ಸುಮ್ನಿದ್ದದ್.”

“ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ನೋಡುವುದು ನಿಯಮಕ್ಕೆ ವಿರುದ್ಧ,” ಎಂದರು ಸುಧಾಕರ. “ಕಂಪ್ಯೂಟರಿನಲ್ಲಿ ಇರುವುದಷ್ಟೇ ನನಗೆ ದಾಖಲೆ.”

ಗುಲಾಬಿ ಮಗಳ ಚೀಲದಿಂದ ನೋಟ್ ಪುಸ್ತಕ ಎಳೆದು ಅವರ ಮೇಜಿನ ಮೇಲೆ ಬಿಚ್ಚಿಟ್ಟಳು. ಪುಟದ ಅಂಚಿಗೂ ಜಾಗ ಬಿಡದೆ ಬರೆದ ಸಣ್ಣ ಅಕ್ಷರ. ಸುಧಾಕರ ಅದನ್ನು ಮುಟ್ಟಲಿಲ್ಲ.

“ಆಸೆ ಇತ್ತಾ ಅಂದ್ ಅಳತಿ ಮಾಡುಕೆ ಮಿಶನ್ ತಂದ್ರಿ ಸರ್,” ಎಂದಳು ಗುಲಾಬಿ. ಅವಳ ದನಿ ಏರಲಿಲ್ಲ. “ಫೋನ್ ಇತ್ತಾ ಅಂದ್ ಕೇಂಬುಕೆ ನಿಮ್ಗ್ ಬಾಯಿ ಇರ್ಲಿಲ್ಯಾ?”

ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಎದ್ದರು. ಸಭೆಯಲ್ಲೇ ಕುಳಿತಿದ್ದ ಪ್ರಾಂಶುಪಾಲರು ಆ ಪುಸ್ತಕ ತೆಗೆದುಕೊಂಡು ನವ್ಯಶ್ರೀಗೆ ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಅವಳು ನಿಂತಲ್ಲೇ ಉತ್ತರ ಹೇಳಿದಳು. ಐವರೂ ಪರೀಕ್ಷೆಗೆ ಕುಳಿತರು, ಐವರೂ ಪಾಸಾದರು.

ಮರುವರ್ಷ ಸುಧಾಕರ ಡಾಕ್ಟರ್ ಸುಧಾಕರರಾದರು. ಪ್ರಬಂಧದ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೂ ಬಂತು. ಬೇರೇನೋ ಹುಡುಕುತ್ತಿದ್ದ ನವ್ಯಶ್ರೀ ಅದನ್ನು ಕಪಾಟಿನಿಂದ ತೆಗೆದು ಕೊನೆಯ ಅಧ್ಯಾಯ ತೆರೆದಳು. ಮೊದಲ ಸಾಲು ಹೀಗಿತ್ತು: ‘ಮೀನುಗಾರ ಕುಟುಂಬಗಳ ವಿದ್ಯಾರ್ಥಿನಿಯರ ಪೈಕಿ ಐವರಲ್ಲಿ ನಾಲ್ವರಿಗೆ ಕಲಿಯುವ ಪ್ರೇರಣೆ ಕಂಡುಬಂದಿಲ್ಲ.’