ಬಣ್ಣದ ಕೋಣೆ

ಅರವತ್ತು ತುಂಬಿದವರೆಲ್ಲ ದವಾಖಾನೆಗೆ ಹೋಗಿ ನೋಟದ ಒಂದು ಕೋಣೆ ಮುಚ್ಚಿಸಿಕೊಂಡು ಬರುವುದು ಆಗಿನ ರೂಢಿ. ತಲೆಯೊಳಗೆ ಬಣ್ಣಕ್ಕೊಂದು, ಚಲನೆಗೊಂದು, ಮುಖಗಳಿಗೊಂದು ಕೋಣೆ. ಒಂದನ್ನು ಮುಚ್ಚಿಸಿದರೆ ಉಳಿದವು ಸಾಯುವ ತನಕ ಬಾಳುತ್ತಿದ್ದವು. ಇಲ್ಲವಾದರೆ ವರ್ಷದೊಳಗೆ ಪೂರಾ ಕುರುಡು.

ಬಣ್ಣಬಣ್ಣದ ಬಟ್ಟೆಚೂರು ಜೋಡಿಸಿ ಕೌದಿ ಹೊಲಿಯುವ ಶಿವಗಂಗವ್ವನ ಸರದಿ ಬಂತು. ಜೊತೆಗೆ ಗಂಡ ಯಮನಪ್ಪ. ಹುಟ್ಟಿನಿಂದ ಅವನಿಗೆ ಕಿವಿಯೂ ಇಲ್ಲ, ಮಾತೂ ಇಲ್ಲ. ಓದು ಬಾರದ ಅವರಿಬ್ಬರ ನಲವತ್ತು ವರ್ಷದ ಸಂಸಾರ ನಡೆದದ್ದೆಲ್ಲ ಕೈಸನ್ನೆಯಲ್ಲೇ.

"ಚಲನೆ ಬಿಟ್ಟುಬಿಡ್ರಿ ಯವ್ವಾ," ಎಂದಳು ನರ್ಸ್. "ಕುಂತು ಹೊಲಿಯೋರಿಗೆ ಅದ್ಯಾಕ? ಬಣ್ಣ ಹೋದ್ರ ಕೌದಿ ಹೆಂಗ ಹೊಲೀತೀರಿ?"

"ಚಲನೆ ಹೋದ್ರ ಹೆಂಗ ಕಾಣತೈತಿ?"

"ಚಹಾ ಸುರುವಿದ್ರ ಹೆಪ್ಪುಗಟ್ಟಿ ನಿಂತಂಗ. ಕೈ ಈಗ ಇಲ್ಲಿ, ಆಮ್ಯಾಲ ಅಲ್ಲಿ. ನಡುವ ಏನೂ ಕಾಣಂಗಿಲ್ಲ."

ಯಮನಪ್ಪನಿಗೆ ಕೇಳಿಸದಿದ್ದರೂ ವಿಷಯ ಗೊತ್ತಿತ್ತು. ಬಣ್ಣ ಬಿಡಬೇಡ ಎಂದು ಅವನ ಕೈಗಳು ಗಾಳಿಯಲ್ಲಿ ಕೌದಿ ಹೊಲಿದವು, ಗದರಿದವು, ಬೇಡಿಕೊಂಡವು. ಶಿವಗಂಗವ್ವ ಆ ಕೈಗಳನ್ನೇ ಬಹಳ ಹೊತ್ತು ನೋಡಿದಳು.

"ಬಣ್ಣದ್ದ ಮುಚ್ಚು ತಂಗಿ," ಎಂದಳು. "ಈ ಮುದುಕ ಭಾಳ ಮಾತಾಡ್ತಾನ. ನಾ ಬಿಟ್ರ ಕೇಳೋರು ಯಾರು?"

ಮರುವಾರ ಅಂಗಳದಲ್ಲಿ ಬಟ್ಟೆಚೂರು ಹರವಿಕೊಂಡು ಕೂತರೆ ಎಲ್ಲವೂ ಬೂದಿ ಬೂದಿ. ಅಂದಿನಿಂದ ಮುನಿಸಿಕೊಂಡಿದ್ದ ಯಮನಪ್ಪ ಎದುರು ಬಂದು ಕುಕ್ಕರಿಸಿ, ಒಂದು ಚೂರು ಎತ್ತಿಕೊಟ್ಟು ಅವಳ ಹಣೆಯ ಕುಂಕುಮ ಮುಟ್ಟಿದ. ಕೆಂಪು. ಇನ್ನೊಂದು ಕೊಟ್ಟು ಅವಳ ಬಳೆ ತಟ್ಟಿದ. ಹಸಿರು. ಮೂರನೆಯದಕ್ಕೆ ತನ್ನದೇ ನರೆತ ಮೀಸೆ ತಿರುವಿದ.

'ಬಿಳೇದು ನನಗಿನ್ನೂ ಕಾಣತೈತಿ, ಮುದುಕಾ,' ಎಂದು ಕೈಯಲ್ಲೇ ಹೇಳಿ, ಶಿವಗಂಗವ್ವ ಸೂಜಿಗೆ ದಾರ ಪೋಣಿಸಿದಳು.